ನೆರೆಗೆ ಮುನ್ನ ನೆರೆಹೊರೆ
(ಕೃಷ್ಣಾ ತೀರದ ಗ್ರಾಮಗಳ ಸ್ವಯಂಸೇವಕರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕೃಷ್ಣೆಯ ದಂಡೆಯಲ್ಲಿ ಬಾಳುವ ನಮಗೆ ನೆರೆ ಹೊಸತಲ್ಲ. 2005, 2019 ಮತ್ತು 2021ರ ಮಹಾಪೂರಗಳನ್ನು ತಮ್ಮಲ್ಲಿ ಅನೇಕರು ಕಂಡಿದ್ದೀರಿ. ಆದರೆ 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದಂತೆ ನಮ್ಮ ನೆರೆ ಕ್ಷಣಮಾತ್ರದಲ್ಲಿ ಎರಗುವುದಿಲ್ಲ. ಸಹ್ಯಾದ್ರಿಯಲ್ಲಿ ಮಳೆ ಸುರಿದು, ಕೊಯ್ನಾ ಜಲಾಶಯದ ಬಾಗಿಲು ತೆರೆದು, ನರಸೋಬವಾಡಿಯಲ್ಲಿ ಪಂಚಗಂಗೆ ಕೂಡಿ, ರಾಜಾಪುರ ಬ್ಯಾರೇಜನ್ನು ದಾಟಿ, ಕಲ್ಲೋಳದ ಬಳಿ ದೂಧಗಂಗೆಯನ್ನೂ ಸೇರಿಸಿಕೊಂಡು ನೀರು ನಮ್ಮತ್ತ ಬರುವಷ್ಟರಲ್ಲಿ ಒಂದಿಷ್ಟು ಕಾಲಾವಕಾಶ ದೊರೆಯುತ್ತದೆ. ಆ ಅವಕಾಶವನ್ನು ನೆರೆಹೊರೆಯವರು ಕೂಡಿ ಬಳಸಿಕೊಳ್ಳುವ ಬಗೆಯನ್ನೇ ಇಂದು ಹೇಳಬಯಸುತ್ತೇನೆ.

ಎಚ್ಚರಿಕೆ ಬರುವುದು ಕ್ಯೂಸೆಕ್ ಲೆಕ್ಕದಲ್ಲಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಈ ಲೆಕ್ಕ ಕಚೇರಿಗೆ ಸಾಕು. ಮನೆಯಲ್ಲಿರುವ ಅಜ್ಜಿಗೆ ಸಾಲದು. ಹಿಂದಿನ ನೆರೆಗಳಲ್ಲಿ ನೀರು ಎಲ್ಲಿಯವರೆಗೆ ಏರಿತ್ತು, ಮೊದಲು ಮುಳುಗಿದ ಓಣಿ ಯಾವುದು, ಯಾವ ದಾರಿ ಕೊನೆಯವರೆಗೂ ಉಳಿದಿತ್ತು ಎಂಬುದನ್ನು ಹಿರಿಯರಿಂದ ಕೇಳಿ ತಿಳಿದು, ದೇವಸ್ಥಾನದ ಕಟ್ಟೆಗೋ ಶಾಲೆಯ ಗೋಡೆಗೋ ಬಣ್ಣದಿಂದ ಗುರುತು ಹಾಕಿರಿ. ಆಗ ಎಚ್ಚರಿಕೆ ಎಲ್ಲರಿಗೂ ಅರ್ಥವಾಗುವ ಮಾತಾಗುತ್ತದೆ.

ಓಣಿಗೆ ಇಬ್ಬರಂತೆ ಹೊಣೆ ಹಂಚಿಕೊಳ್ಳಿರಿ. ಅವರಲ್ಲಿ ಒಬ್ಬರು ಮಹಿಳೆಯಾಗಿರಲಿ. ಹಾಸಿಗೆ ಹಿಡಿದವರು, ಗರ್ಭಿಣಿಯರು, ಬಾಣಂತಿಯರು, ಅಂಗವಿಕಲರು, ಒಂಟಿಯಾಗಿರುವ ವೃದ್ಧರು ಯಾವ ಮನೆಯಲ್ಲಿದ್ದಾರೆಂಬುದು ಆಶಾ ಕಾರ್ಯಕರ್ತೆಯರಿಗೆ ತಿಳಿದಿರುತ್ತದೆ. ಅವರನ್ನು ಹೊತ್ತು ತರುವವರು ಯಾರು, ಯಾವ ವಾಹನದಲ್ಲಿ ಎಂಬುದನ್ನು ಈಗಲೇ ಬರೆದಿಡಬೇಕು. ಡಂಗುರವಾಗಲಿ, ಗುಡಿಯ ಧ್ವನಿವರ್ಧಕವಾಗಲಿ ಊರೊಳಗೆ ಕೇಳಿಸೀತು. ಕಬ್ಬಿನ ಗದ್ದೆಗಳ ನಡುವಿನ ತೋಟದ ಮನೆಗಳಿಗೆ ಕೇಳಿಸದು. ಅಲ್ಲಿಗೆ ಮನುಷ್ಯರೇ ಹೋಗಬೇಕು, ಅದೂ ಮೊದಲು ಹೋಗಬೇಕು.

ಕರೆದರೂ ಜನ ಬರುವುದಿಲ್ಲವೆಂಬ ದೂರು ಉಂಟು. ಇದನ್ನು ಹಟವೆಂದು ಬಗೆಯುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಎಮ್ಮೆಯನ್ನು ಕಟ್ಟಿದ ಗೂಟದಲ್ಲೇ ಬಿಟ್ಟು ಯಾವ ರೈತನೂ ಕಾಳಜಿ ಕೇಂದ್ರಕ್ಕೆ ಹೊರಡಲಾರನು. ಆದುದರಿಂದ ಜನರಿಗೆ ಜಾಗ ಗೊತ್ತುಮಾಡುವಾಗಲೇ ದನಗಳಿಗೂ ಎತ್ತರದ ಜಾಗ, ಮೇವು, ನೀರು ಗೊತ್ತುಮಾಡಿರಿ. ಜಾನುವಾರು ಮೊದಲು ಹೊರಟರೆ ಮನೆಯವರು ಹಿಂದೆಯೇ ಹೊರಡುತ್ತಾರೆ. ಪಡಿತರ ಚೀಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ನಿತ್ಯದ ಔಷಧಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವಂತೆ ಮಳೆಗಾಲಕ್ಕೆ ಮುನ್ನವೇ ತಿಳಿಸಿರಿ. ಮನೆ ಬಿಡುವಾಗ ವಿದ್ಯುತ್ತಿನ ಮೇನ್ ಸ್ವಿಚ್ ಆರಿಸಬೇಕು.

ಯುವಮಿತ್ರರಿಗೆ ಒಂದು ಮಾತು. ಈಜು ಬಲ್ಲೆನೆಂದು ನೆರೆಯ ನೀರಿಗೆ ಇಳಿಯಬೇಡಿರಿ. ಹೊಳೆಯಲ್ಲಿ ಈಜುವುದು ಬೇರೆ, ಪ್ರವಾಹದಲ್ಲಿ ಈಜುವುದು ಬೇರೆ. ರಭಸದ ನೀರು ಮೊಣಕಾಲುದ್ದವಿದ್ದರೂ ಆಳನ್ನು ಕೆಡವುತ್ತದೆ. ಮುಳುಗಿದ ಸೇತುವೆಯ ಮೇಲೆ ಟ್ರ್ಯಾಕ್ಟರ್ ಓಡಿಸುವ ಸಾಹಸವನ್ನು ಮಾಡಬೇಡಿರಿ, ಮಾಡುವವರನ್ನು ತಡೆಯಿರಿ. ದಂಡೆಯಲ್ಲೇ ನಿಂತು ಹಗ್ಗ, ಗಾಳಿ ತುಂಬಿದ ಟ್ಯೂಬ್, ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆಯಿರಿ. ದೋಣಿಯ ಕೆಲಸ ತರಬೇತಿ ಪಡೆದವರದು. ಜಿಲ್ಲಾ ನಿಯಂತ್ರಣ ಕೊಠಡಿಗೆ 1077, ತುರ್ತು ನೆರವಿಗೆ 112, ಆಂಬ್ಯುಲೆನ್ಸ್‌ಗೆ 108.

ಸಿದ್ಧಪಡಿಸಿದ ಪಟ್ಟಿಯ ಒಂದು ಪ್ರತಿ ಪಂಚಾಯಿತಿ ಕಚೇರಿಯಲ್ಲಿರಲಿ, ಇನ್ನೊಂದು ಎತ್ತರದ ಓಣಿಯ ಮನೆಯೊಂದರಲ್ಲಿರಲಿ. ಕಚೇರಿಗೂ ನೀರು ನುಗ್ಗಬಹುದು. ಈಗ ಅಗ್ನಿಶಾಮಕ ಸಿಬ್ಬಂದಿ ಹಗ್ಗ ಎಸೆಯುವ ಕ್ರಮವನ್ನು ತೋರಿಸಲಿದ್ದಾರೆ. ಎಲ್ಲರೂ ಹೊರಗಿನ ಅಂಗಳಕ್ಕೆ ಬರಬೇಕೆಂದು ಕೋರುತ್ತೇನೆ.