‘ವೆರಿಫೈ ಓಕೆ’ ಅಂದ್ರೆ ಎಲ್ಲಾ ಓಕೆ ಅಲ್ಲರೀ

ಇವತ್ತು ನಾನೇ ಮಾಡಿದ ಒಂದು ತಪ್ಪಿನ ಕಥೆ ಹೇಳ್ತೀನಿ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಸಣ್ಣ ಘಟಕದಲ್ಲಿ ಕೆಲಸಕ್ಕಿದ್ದೆ. ಬೋರ್‌ವೆಲ್ ಪಂಪಿನ ಕಂಟ್ರೋಲರ್ ಬೋರ್ಡ್ ತಯಾರಿಸ್ತಿದ್ವಿ. ಬೋರ್ಡಿನ ಮೈಕ್ರೋಕಂಟ್ರೋಲರ್ ಚಿಪ್ಪಿಗೆ ಫರ್ಮ್‌ವೇರ್, ಅಂದ್ರೆ ಅದನ್ನು ನಡೆಸುವ ಪ್ರೋಗ್ರಾಂ, ತುಂಬೋದು ನನ್ನ ಕೆಲಸ. ಬೋರ್‌ನಲ್ಲಿ ನೀರು ಬತ್ತಿದರೆ ಮೋಟಾರ್ ತಾನಾಗಿ ನಿಲ್ಲಬೇಕು. ನಿಲ್ಲದಿದ್ದರೆ ಸುಟ್ಟು ಹೋಗುತ್ತೆ.

ಒಂದಿನ 200 ಬೋರ್ಡ್ ಮುಗಿಸಿದೆ. ಪ್ರತಿ ಸಲವೂ ಪರದೆ ಮೇಲೆ ‘ವೆರಿಫೈ ಓಕೆ’. ಸಂಜೆ ಟೆಸ್ಟಿಂಗ್ ಟೇಬಲ್‌ನಿಂದ ಹಿರಿಯರು ಕೂಗಿದರು:

“ತಮ್ಮಾ, ನೀರಿಲ್ಲದಿದ್ರೂ ಮೋಟಾರ್ ನಿಲ್ಲವಲ್ದು. ಯಾವ ಫೈಲ್ ಹಾಕೀಯೋ?”

“ಎಲ್ಲಾ ಓಕೆ ಬಂದೈತ್ರಿ ಸರ್!”

ನೋಡಿದರೆ ಹಾಕಿದ್ದು ಹಳೇ ಫೈಲು. ಡ್ರೈ ರನ್ ರಕ್ಷಣೆ ಅದರಲ್ಲಿ ಇರಲೇ ಇಲ್ಲ. ಆ ಬೋರ್ಡ್ ಕಲಘಟಗಿ ಕಡೆಯ ಯಾವುದೋ ಹೊಲಕ್ಕೆ ಹೋಗಿದ್ದರೆ? ಒಬ್ಬ ರೈತನ ಮೋಟಾರ್ ಹೋಗ್ತಿತ್ತು, ಬೆಳೆಯೂ ಒಣಗ್ತಿತ್ತು.

ಹಂಗಾರ ಓಕೆ ಅಂತ ಯಾಕೆ ಬಂತು? ಪ್ರೋಗ್ರಾಮರ್ ಯಂತ್ರ ಚಿಪ್ಪನ್ನು ಮತ್ತೆ ಓದಿ, ನಾವು ಕೊಟ್ಟ ಫೈಲಿನ ಜೊತೆ ಹೋಲಿಸುತ್ತೆ, ಅಷ್ಟೇ. ಫೈಲೇ ತಪ್ಪಾಗಿದ್ದರೆ ಅದಕ್ಕೇನು ಗೊತ್ತು?

ಇಲ್ಲಿ ಬೇಕಾಗೋದು ಚೆಕ್‌ಸಮ್. ನಿಮ್ಮ ಆಧಾರ್ ನಂಬರಿನ 12ನೇ ಅಂಕಿ ಇದೇ ಜಾತಿಯದು. ಮೊದಲ 11 ಅಂಕಿಗಳಿಂದ ಲೆಕ್ಕ ಹಾಕಿ ಅದನ್ನು ಇಡ್ತಾರೆ. ಒಂದು ಅಂಕಿ ತಪ್ಪಿದರೂ ಲೆಕ್ಕ ಕೂಡೋದಿಲ್ಲ. ಫೈಲಿಗೂ ಹಂಗೇ. ಆದರೆ ಬರೀ ಕೂಡಿಸಿದರೆ ಸಾಲದು: 10, 20 ಕೂಡಿಸಿದರೂ 30, 20, 10 ಕೂಡಿಸಿದರೂ 30. ಅದಲು ಬದಲಾದದ್ದು ಗೊತ್ತಾಗಲ್ಲ. ಸಿಆರ್‌ಸಿ-32 ಎಂಬ ಲೆಕ್ಕಕ್ಕೆ ಕ್ರಮವೂ ಮುಖ್ಯ. ಅದಕ್ಕೇ ಅದು ಬೇಕು.

ಮರುದಿನದಿಂದ ಪದ್ಧತಿ ಬದಲಾಯಿಸಿದ್ವಿ. ಡಿಸೈನ್ ಮಾಡುವವರು ಫೈಲ್ ಕೊಡುವಾಗಲೇ ಅದರ ಸಿಆರ್‌ಸಿಯನ್ನು ಜಾಬ್ ಕಾರ್ಡಿನ ಮೇಲೆ ಬರೆದು ಕೊಡಬೇಕು. ಫೈಲ್ ತೆರೆದ ಕೂಡಲೇ ಕಂಪ್ಯೂಟರ್ ತಾನೂ ಲೆಕ್ಕ ಹಾಕುತ್ತೆ. ಎರಡೂ ಒಂದೇ ಆಗದಿದ್ದರೆ ಕೆಲಸ ಶುರುವಾಗೋದೇ ಇಲ್ಲ. ತುಂಬಿದ ಮೇಲೆ ಚಿಪ್ಪಿನಿಂದ ಓದಿ ಇನ್ನೊಮ್ಮೆ ಲೆಕ್ಕ. ಆಮೇಲೆ ಚಿಪ್ಪಿಗೆ ಲಾಕ್. ಲಾಕ್ ಮೊದಲು ಹಾಕಿದರೆ ಓದೋದು ಹೆಂಗ್ರಿ?

ಎರಡು ಎಚ್ಚರಿಕೆ. ಪ್ರತಿ ಬೋರ್ಡಿಗೂ ಬೇರೆಯಾಗುವ ಸೀರಿಯಲ್ ನಂಬರ್ ಇರೋ ಜಾಗವನ್ನು ಲೆಕ್ಕದಿಂದ ಬಿಡಬೇಕು. ಖಾಲಿ ಜಾಗವನ್ನು ಸೇರಿಸಬೇಕೋ ಬೇಡವೋ ಅಂತ ಮೊದಲೇ ಒಪ್ಪಿಕೊಳ್ಳಬೇಕು. ಇಲ್ಲಾಂದ್ರೆ ಎರಡು ಸಾಫ್ಟ್‌ವೇರ್ ಎರಡು ಉತ್ತರ ಕೊಡ್ತಾವ.

ಇನ್ನೊಂದು ಮಾತು. ಸಿಆರ್‌ಸಿ ಹಿಡಿಯೋದು ಅಚಾತುರ್ಯವನ್ನು, ಕಳ್ಳತನವನ್ನಲ್ಲ. ಬೇಕಂತಲೇ ಫೈಲ್ ತಿದ್ದುವವರನ್ನು ತಡೆಯೋಕೆ ಡಿಜಿಟಲ್ ಸಹಿ ಬೇಕು.

ಆ 200 ಬೋರ್ಡುಗಳನ್ನು ರಾತ್ರಿ ಕೂತು ಮತ್ತೆ ತುಂಬಿದೆ. ಹಿರಿಯರು ಬೈಯಲಿಲ್ಲ. ಚಹಾ ಕೊಟ್ಟು ಕೇಳಿದ್ದು ಒಂದೇ ಮಾತು: “ಓಕೆ ಅಂದದ್ದು ಯಾವುದಕ್ಕ ಅಂತ ಕೇಳಿದ್ದೇನೋ ತಮ್ಮಾ?”

ಈಗ ಪ್ರತಿ ಸಲ ಕೇಳ್ತೀನಿ. ನೀವೂ ಕೇಳ್ರಿ.