ಮಾಜಿ ಸೈನಿಕರ ಅಂಗವೈಕಲ್ಯ ಪಿಂಚಣಿ ಮತ್ತು ಗ್ರಾಮ ಪಂಚಾಯಿತಿ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಸೇನೆಯಲ್ಲಿದ್ದಾಗ ಕಾಲನ್ನೋ ಶ್ರವಣಶಕ್ತಿಯನ್ನೋ ಮನಸ್ಸಿನ ಸ್ವಾಸ್ಥ್ಯವನ್ನೋ ಕಳೆದುಕೊಂಡು ಊರಿಗೆ ಮರಳಿದವರು ಪಿಂಚಣಿಯ ವಿಷಯ ವಿಚಾರಿಸಲು ಮೊದಲು ಬರುವುದು ಪಂಚಾಯಿತಿ ಕಚೇರಿಗೆ, ಇಲ್ಲವೇ ತಮ್ಮ ವಾರ್ಡಿನ ಸದಸ್ಯರ ಮನೆಗೆ. ಅಲ್ಲಿ ಸಾಮಾನ್ಯವಾಗಿ ದೊರೆಯುವ ಉತ್ತರವೆಂದರೆ, ಯುಡಿಐಡಿ ಕಾರ್ಡ್ ಮಾಡಿಸಿಕೊಂಡು ನಾಡಕಚೇರಿಗೆ ಅರ್ಜಿ ಕೊಡಿ ಎಂಬುದು. ಹೇಳಿದವರ ಉದ್ದೇಶ ಒಳ್ಳೆಯದೇ; ಆದರೆ ತೋರಿಸಿದ ದಾರಿ ಬೇರೆ ಊರಿನದು. ನಾಡಕಚೇರಿಯ ಮೂಲಕ ಮಂಜೂರಾಗುವುದು ರಾಜ್ಯ ಸರ್ಕಾರದ ಅಂಗವಿಕಲರ ಮಾಸಾಶನ. ಸೈನಿಕರ ಅಂಗವೈಕಲ್ಯ ಪಿಂಚಣಿಯು ಕೇಂದ್ರ ರಕ್ಷಣಾ ಸಚಿವಾಲಯಕ್ಕೆ ಸೇರಿದ್ದು. ಅದು ಬಡತನವನ್ನು ನೋಡಿ ಕೊಡುವ ನೆರವಲ್ಲ, ಸಲ್ಲಿಸಿದ ಸೇವೆಯಿಂದ ಹುಟ್ಟಿದ ಹಕ್ಕು. ಜಿಲ್ಲಾ ಆಸ್ಪತ್ರೆಯ ಅಂಗವೈಕಲ್ಯ ಪ್ರಮಾಣಪತ್ರದ ಮೇಲೆ ಅದು ನಿರ್ಧಾರವಾಗುವುದಿಲ್ಲ. ಸೇವೆಯಿಂದ ಬಿಡುಗಡೆಯಾಗುವ ವೇಳೆ ಸೇನೆಯ ವೈದ್ಯಕೀಯ ಮಂಡಳಿ ಬರೆದ ವರದಿಯೇ ಅದಕ್ಕೆ ಆಧಾರ.

ಈ ಪಿಂಚಣಿಗೆ ಮುಖ್ಯವಾಗಿ ಎರಡು ಷರತ್ತುಗಳಿವೆ. ಅಂಗವೈಕಲ್ಯವು ಸೈನಿಕ ಸೇವೆಯಿಂದ ಉಂಟಾಗಿರಬೇಕು ಅಥವಾ ಸೇವೆಯಿಂದ ಉಲ್ಬಣಗೊಂಡಿರಬೇಕು; ಅದರ ಪ್ರಮಾಣ ಶೇ. 20 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಮಂಜೂರಾದ ಪಿಂಚಣಿಯಲ್ಲಿ ಸೇವಾ ಭಾಗ ಮತ್ತು ಅಂಗವೈಕಲ್ಯ ಭಾಗವೆಂದು ಎರಡು ಅಂಶಗಳಿರುತ್ತವೆ. ಶೇ. 100ರ ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇ. 30ರಷ್ಟು ಅಂಗವೈಕಲ್ಯ ಭಾಗ ದೊರೆಯುತ್ತದೆ. ಕಡಿಮೆ ಪ್ರಮಾಣಕ್ಕೆ ಅದೇ ಅನುಪಾತದಲ್ಲಿ ಕಡಿಮೆ. ಇಲ್ಲಿ ಅನೇಕರ ಗಮನಕ್ಕೆ ಬಾರದ ಸಂಗತಿಯೊಂದಿದೆ. ಶೇ. 50ಕ್ಕಿಂತ ಕಡಿಮೆ ಇರುವ ಪ್ರಮಾಣವನ್ನು 50 ಎಂದೂ, 50ರಿಂದ 75ರವರೆಗಿನದನ್ನು 75 ಎಂದೂ, ಅದಕ್ಕಿಂತ ಮೇಲಿನದನ್ನು 100 ಎಂದೂ ಪರಿಗಣಿಸಬೇಕೆಂಬ ನಿಯಮವು 1996ರ ಜನವರಿ 1ರಿಂದ ಬಂದಿದೆ. ಕೊನೆಯ ವೇತನ 40,000 ರೂಪಾಯಿ ಇದ್ದು ಮಂಡಳಿಯು ಶೇ. 30 ಎಂದು ಬರೆದಿದ್ದರೆ ಅಂಗವೈಕಲ್ಯ ಭಾಗ ತಿಂಗಳಿಗೆ 3,600 ರೂಪಾಯಿ. ಅದನ್ನು 50 ಎಂದು ಪರಿಗಣಿಸಿದಾಗ 6,000 ರೂಪಾಯಿ. ಮೊದಲು ಈ ಅನುಕೂಲವು ವೈದ್ಯಕೀಯ ಕಾರಣದಿಂದ ಅವಧಿಗೆ ಮುನ್ನ ಹೊರಬಂದವರಿಗೆ ಮಾತ್ರ ಸೀಮಿತವಾಗಿತ್ತು. ರಾಮ್ ಅವತಾರ್ ಪ್ರಕರಣದಲ್ಲಿ 2014ರ ಡಿಸೆಂಬರ್ 10ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ನಂತರ, ಪೂರ್ಣ ಅವಧಿ ಮುಗಿಸಿ ಅಂಗವೈಕಲ್ಯದೊಡನೆ ನಿವೃತ್ತರಾದವರಿಗೂ ಅದು ಸಲ್ಲುತ್ತದೆ. ಊರಿನಲ್ಲಿ ಈಗಾಗಲೇ ಅಂಗವೈಕಲ್ಯ ಪಿಂಚಣಿ ಪಡೆಯುತ್ತಿರುವ ಹಿರಿಯರಿದ್ದರೆ ಅವರ ಪಿಂಚಣಿ ಆದೇಶದಲ್ಲಿ, ಅಂದರೆ ಪಿಪಿಒದಲ್ಲಿ, ಯಾವ ಪ್ರಮಾಣ ನಮೂದಾಗಿದೆ ಎಂಬುದನ್ನು ಒಮ್ಮೆ ನೋಡುವುದು ಒಳಿತು.

ಹೆಚ್ಚಿನ ಅರ್ಜಿಗಳು ಬೀಳುವುದು ಮೊದಲನೆಯ ಷರತ್ತಿನಲ್ಲಿ. ಅಂಗವೈಕಲ್ಯವು ಸೇವೆಯಿಂದ ಉಂಟಾದುದೂ ಅಲ್ಲ, ಉಲ್ಬಣಗೊಂಡುದೂ ಅಲ್ಲ ಎಂಬ ಒಂದು ಸಾಲಿನ ಇಂಗ್ಲಿಷ್ ಪತ್ರ ಬರುತ್ತದೆ. ಓದಿದವರು ಅದನ್ನು ಅಂತಿಮವೆಂದು ತಿಳಿದು ಟ್ರಂಕಿನಲ್ಲಿಟ್ಟು ಸುಮ್ಮನಾಗುತ್ತಾರೆ. ಕಾಯಿಲೆ ಸೇನೆಯಿಂದಲೇ ಬಂದಿತೆಂದು ಸಾಬೀತುಪಡಿಸಲು ತಮ್ಮ ಬಳಿ ಏನಿದೆ ಎಂಬ ಕೊರಗು ಅವರದು. ಆದರೆ ಸಾಬೀತುಪಡಿಸುವ ಹೊಣೆ ಅವರದಲ್ಲ. ಇದು ಈ ವಿಷಯದ ತಿರುಳು.

ಧರ್ಮವೀರ್ ಸಿಂಗ್ ಎಂಬುವರು 1985ರಲ್ಲಿ ಸಿಗ್ನಲ್ಸ್ ವಿಭಾಗಕ್ಕೆ ಸಿಪಾಯಿಯಾಗಿ ಸೇರಿದರು. ಸುಮಾರು ಒಂಬತ್ತು ವರ್ಷಗಳ ನಂತರ, 1994ರ ಏಪ್ರಿಲ್ 1ರಿಂದ, ಅಪಸ್ಮಾರದ ಕಾರಣ ಶೇ. 20ರ ಅಂಗವೈಕಲ್ಯದೊಡನೆ ಅವರನ್ನು ಸೇವೆಯಿಂದ ಹೊರಗೆ ಕಳುಹಿಸಲಾಯಿತು. ಕಾಯಿಲೆಯು ಸೇವೆಗೆ ಸಂಬಂಧಿಸಿದ್ದಲ್ಲವೆಂಬ ಕಾರಣ ನೀಡಿ ಪಿಂಚಣಿ ನಿರಾಕರಿಸಲಾಯಿತು. ಪ್ರಕರಣವು ಸುಪ್ರೀಂ ಕೋರ್ಟ್ ತಲುಪಿ 2013ರ ಜುಲೈ 2ರಂದು ತೀರ್ಪಾಯಿತು. 1982ರ ಅರ್ಹತಾ ನಿಯಮಗಳ ಪ್ರಕಾರ, ಸೇರುವಾಗ ದಾಖಲೆಯಲ್ಲಿ ಯಾವ ಕಾಯಿಲೆಯೂ ನಮೂದಾಗಿರದಿದ್ದರೆ ಆ ವ್ಯಕ್ತಿ ಆರೋಗ್ಯವಂತನಾಗಿಯೇ ಸೇರಿದನೆಂದು ಭಾವಿಸಬೇಕು. ನಂತರ ಕಾಣಿಸಿಕೊಂಡ ಕಾಯಿಲೆ ಸೇವೆಯಿಂದಲ್ಲವೆನ್ನುವ ಮಂಡಳಿಯು ಕಾರಣಗಳನ್ನು ಬರೆಯಬೇಕು. ಸಂದೇಹವಿದ್ದಲ್ಲಿ ಅದರ ಲಾಭ ಸೈನಿಕನಿಗೆ ಸಲ್ಲಬೇಕು ಎಂದು ನ್ಯಾಯಾಲಯ ಹೇಳಿತು. ಹಕ್ಕು ಸ್ಥಾಪಿತವಾಯಿತು, ನಿಜ. ಆದರೆ ಅಷ್ಟರಲ್ಲಿ 19 ವರ್ಷಗಳು ಕಳೆದಿದ್ದವು. 2014ರ ಸುಖ್‌ವಿಂದರ್ ಸಿಂಗ್ ಪ್ರಕರಣದಲ್ಲಿ, ಅಂಗವೈಕಲ್ಯದ ಕಾರಣದಿಂದಲೇ ಒಬ್ಬರನ್ನು ಸೇವೆಯಿಂದ ತೆಗೆದಿದ್ದರೆ ಅದರ ಪ್ರಮಾಣ ಶೇ. 20ಕ್ಕಿಂತ ಹೆಚ್ಚೆಂದೇ ಭಾವಿಸಬೇಕೆಂಬ ಮಾತೂ ಬಂದಿದೆ.

ಹೀಗೆಂದು ಎಲ್ಲ ಅರ್ಜಿಗಳೂ ಗೆಲ್ಲುತ್ತವೆಂದು ಭರವಸೆ ಕೊಡುವುದು ತಪ್ಪು. ರಜೆಯ ಮೇಲೆ ಊರಿಗೆ ಬಂದಾಗ ಮನೆಯ ಛಾವಣಿಯಿಂದ ಬಿದ್ದು ಆದ ಗಾಯಕ್ಕೂ ಕರ್ತವ್ಯಕ್ಕೂ ಸಂಬಂಧ ಕಲ್ಪಿಸುವುದು ಕಷ್ಟ. ಅಲ್ಲದೆ 2023ರ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮಗಳು ಜಾರಿಗೆ ಬಂದಿದ್ದು, ಆ ನಂತರ ಸೇವೆಯಿಂದ ಹೊರಬಂದವರಿಗೆ ಅವೇ ಅನ್ವಯಿಸುತ್ತವೆ. ಅಂಥವರ ಅರ್ಜಿಯಲ್ಲಿ 1982ರ ನಿಯಮಗಳನ್ನು ನಕಲು ಮಾಡಿದರೆ ಪ್ರಯೋಜನವಿಲ್ಲ. ಅಗ್ನಿವೀರರ ವ್ಯವಸ್ಥೆ ಮತ್ತೂ ಬೇರೆ. ಅವರಿಗೆ ಪಿಂಚಣಿಯಿಲ್ಲ, ಸೇವೆಯಿಂದ ಉಂಟಾದ ಅಂಗವೈಕಲ್ಯದ ಪ್ರಮಾಣವು ಶೇ. 100, 75 ಅಥವಾ 50 ಆಗಿರುವುದಕ್ಕೆ ಅನುಗುಣವಾಗಿ 44, 25 ಅಥವಾ 15 ಲಕ್ಷ ರೂಪಾಯಿಗಳ ಒಂದೇ ಕಂತಿನ ಪರಿಹಾರವಿದೆ.

ಅರ್ಜಿ ಹೋಗಬೇಕಾದುದು ಆಯಾ ದಳದ ದಾಖಲೆ ಕಚೇರಿಗೆ, ಅಂದರೆ ರೆಕಾರ್ಡ್ ಆಫೀಸಿಗೆ. ಮದ್ರಾಸ್ ಇಂಜಿನಿಯರ್ ಗ್ರೂಪಿನದು ಬೆಂಗಳೂರಿನಲ್ಲಿದೆ, ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿಯಲ್ಲಿ. ಮದ್ರಾಸ್ ರೆಜಿಮೆಂಟಿನದು ವೆಲ್ಲಿಂಗ್ಟನ್, ಆರ್ಟಿಲರಿಯದು ನಾಸಿಕ್ ರೋಡ್, ಸಿಗ್ನಲ್ಸ್‌ನದು ಜಬಲ್ಪುರ, ಇಎಂಇಯದು ಸಿಕಂದರಾಬಾದ್. ಡಿಸ್ಚಾರ್ಜ್ ಪುಸ್ತಕದಲ್ಲಿ ಸೈನಿಕ ಸಂಖ್ಯೆ ಮತ್ತು ದಳದ ಹೆಸರು ಇರುತ್ತದೆ. ಅದರೊಡನೆ ಎಎಫ್‌ಎಂಎಸ್‌ಎಫ್-16 ಎಂಬ ವೈದ್ಯಕೀಯ ಮಂಡಳಿ ವರದಿ, ಗಾಯವಾಗಿದ್ದರೆ ಗಾಯದ ವರದಿ ಮತ್ತು ವಿಚಾರಣಾ ನಡವಳಿ, ಸೇನಾ ಆಸ್ಪತ್ರೆಯ ಚೀಟಿಗಳು ಬೇಕು. ಇವು ಮನೆಯಲ್ಲಿ ಇಲ್ಲದಿದ್ದರೆ ಮಾಹಿತಿ ಹಕ್ಕು ಅಧಿನಿಯಮದಡಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ದಾಖಲೆ ಕಚೇರಿಯಿಂದಲೇ ಪ್ರತಿ ಪಡೆಯಬಹುದು. ಪಂಚಾಯಿತಿಯ ಮೇಲೆ ಮಾಹಿತಿ ಹಕ್ಕಿನ ಅರ್ಜಿ ಬಂದಾಗ ಬೇಸರಪಡುವ ಸದಸ್ಯರು, ಇಂಥ ಒಂದು ಅರ್ಜಿಯನ್ನು ತಾವೇ ಮುಂದೆ ನಿಂತು ಬರೆಸಿದರೆ ಆ ಕಾನೂನಿನ ಇನ್ನೊಂದು ಮುಖವೂ ಪರಿಚಯವಾದೀತು.

ಅರ್ಜಿ ತಿರಸ್ಕೃತವಾದರೆ ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಅದೂ ವಿಫಲವಾದರೆ ಎರಡನೆಯ ಮೇಲ್ಮನವಿ, ಆನಂತರ 2007ರ ಅಧಿನಿಯಮದಡಿ ಸ್ಥಾಪಿತವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ತಾಲ್ಲೂಕಿನ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿ ಕಾಲ, ಹಣ ಕಳೆಯಬೇಕಾಗಿಲ್ಲ. ಅಂಗವಿಕಲರಿಗೆ ಉಚಿತ ಕಾನೂನು ನೆರವಿನ ಹಕ್ಕಿರುವುದರಿಂದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಬಹುದು. ವರ್ಷಗಟ್ಟಲೆ ತಡವಾಗಿದ್ದರೂ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ತರ್ಸೇಮ್ ಸಿಂಗ್ ಪ್ರಕರಣದ 2008ರ ತೀರ್ಪಿನಂತೆ ಪಿಂಚಣಿ ನಿರಾಕರಣೆಯು ಪ್ರತಿ ತಿಂಗಳೂ ಮುಂದುವರಿಯುವ ಅನ್ಯಾಯ; ಆದರೆ ಹಿಂಬಾಕಿಯು ಸಾಮಾನ್ಯವಾಗಿ ಪ್ರಕರಣ ಹೂಡಿದ ದಿನದಿಂದ ಹಿಂದಿನ ಮೂರು ವರ್ಷಗಳಿಗೆ ಸೀಮಿತ. ತಡ ಮಾಡಿದ ಪ್ರತಿ ತಿಂಗಳ ಹಣವೂ ಕೈತಪ್ಪಿದ ಹಾಗೆ.

ಪಂಚಾಯಿತಿಯಿಂದ ಆಗಬಹುದಾದ ಕೆಲಸ ದೊಡ್ಡದೇನಲ್ಲ. ಆದರೆ ಅದು ಆಗದಿದ್ದರೆ ಉಳಿದುದೆಲ್ಲ ನಿಂತುಹೋಗುತ್ತದೆ. ಶಾಲೆಯ ದಾಖಲೆಯಲ್ಲಿ ಹನುಮಂತಪ್ಪ, ಸೇನೆಯ ದಾಖಲೆಯಲ್ಲಿ ಹನುಮಂತ, ಆಧಾರ್‌ನಲ್ಲಿ ತಂದೆಯ ಹೆಸರೂ ಸೇರಿ ಇನ್ನೊಂದು ಎಂಬಂಥ ವ್ಯತ್ಯಾಸಗಳು ಹಳ್ಳಿಗಳಲ್ಲಿ ಸಾಮಾನ್ಯ. ಪತ್ನಿಯ ಹೆಸರು, ಮಕ್ಕಳ ಜನ್ಮದಿನಾಂಕ ಸೇನೆಯ ದಾಖಲೆಗೆ ಏರಿಯೇ ಇರುವುದಿಲ್ಲ. ಇವನ್ನು ಪಿಂಚಣಿದಾರರು ಬದುಕಿರುವಾಗಲೇ ಸರಿಪಡಿಸುವುದು ಸುಲಭ. ಅವರ ನಂತರ ಪತ್ನಿಯೊಬ್ಬರೇ ಓಡಾಡಬೇಕಾಗುತ್ತದೆ. ರಕ್ಷಣಾ ಪಿಂಚಣಿಗಳು ಈಗ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಗೆ ಬಂದಿರುವುದರಿಂದ ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಸಲ್ಲಿಸಬೇಕು; ಸಾಮಾನ್ಯ ಸೇವಾ ಕೇಂದ್ರಗಳಲ್ಲಿ ಇದಕ್ಕೆ ಅವಕಾಶವಿದೆ. ಹಾಸಿಗೆ ಹಿಡಿದವರ ಮನೆಗೆ ಕೇಂದ್ರದವರನ್ನೇ ಕರೆದೊಯ್ಯುವ ಏರ್ಪಾಡನ್ನು ಸದಸ್ಯರು ಮಾಡಿಸಬಹುದು. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಬಳಿ ಊರಿನ ಅಂಗವಿಕಲರ ಪಟ್ಟಿ ಇರುತ್ತದೆ. ಅದರಲ್ಲಿ ಯಾರು ಸೇನೆಯಲ್ಲಿದ್ದರು ಎಂದು ಕೇಳಿದರೆ ಸಾಕು, ಗುರುತಿಸುವ ಕೆಲಸ ಅರ್ಧ ಮುಗಿದಂತೆ. ಮುಂದಿನ ಮಾರ್ಗದರ್ಶನಕ್ಕೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಕಳುಹಿಸಬೇಕು.

ಈ ಗುರುತಿಸುವಿಕೆಯಲ್ಲಿ ಮೊದಲ ಗಮನ ಸಲ್ಲಬೇಕಾದುದು ಯಾವ ಪಿಂಚಣಿಯೂ ಇಲ್ಲದೆ ಮರಳಿದವರಿಗೆ. ನಾಲ್ಕೋ ಎಂಟೋ ವರ್ಷ ಸೇವೆ ಸಲ್ಲಿಸಿ ಕಾಯಿಲೆಯ ಕಾರಣ ಹೊರಬಂದು, ತಾವು ಸೇನೆಯಲ್ಲಿದ್ದೆವೆಂದು ಹೇಳಿಕೊಳ್ಳಲೂ ಸಂಕೋಚಪಡುವವರಿಗೆ. ಪಿಂಚಣಿ ಇಲ್ಲದವರ ಸೇವಾ ದಾಖಲೆಗಳನ್ನು ಸೇನೆಯು 25 ವರ್ಷ ಮಾತ್ರ ಕಾಯ್ದಿರಿಸಿ ನಂತರ ನಾಶಪಡಿಸುತ್ತದೆ. 1999ರಲ್ಲಿ ಹೊರಬಂದವರ ಅವಧಿ 2024ಕ್ಕೇ ತುಂಬಿತು. 2002ರಲ್ಲಿ ಬಂದವರಿಗೆ 2027ರವರೆಗೆ ಕಾಲವಿದೆ. ಮುಂದಿನ ಗ್ರಾಮಸಭೆಯ ತಿಳಿವಳಿಕೆ ಪತ್ರದಲ್ಲಿ, ಸೇನೆ, ನೌಕಾಪಡೆ, ವಾಯುಪಡೆಗಳಿಂದ ವೈದ್ಯಕೀಯ ಕಾರಣಕ್ಕೆ ಹೊರಬಂದವರು ತಮ್ಮ ಡಿಸ್ಚಾರ್ಜ್ ಪುಸ್ತಕದೊಡನೆ ಬರಬೇಕೆಂಬ ಒಂದು ಸಾಲನ್ನು ಸೇರಿಸಲು ಸದಸ್ಯರು ಸೂಚಿಸಬಹುದು.