ಉತ್ತರ ಯಾರ ಕೈಗೆ?

ಕಾಸರಗೋಡು ಕಡೆಯ ನಮ್ಮ ಮನೆಗಳಲ್ಲಿ ಕಾಗದದ ಒಳಗೆ ಕನ್ನಡ, ಲಕೋಟೆಯ ಮೇಲೆ ಮಲಯಾಳವೋ ಇಂಗ್ಲಿಷೋ. ಒಳಗಿನದು ಓದುವವರಿಗೆ, ಹೊರಗಿನದು ಪೋಸ್ಟ್‌ಮ್ಯಾನ್‌ಗೆ. ಇ-ಮೇಲ್‌ಗೂ ಹೀಗೆಯೇ ಒಳಗೊಂದು, ಹೊರಗೊಂದು ವಿಳಾಸ ಇರುತ್ತದೆ. ಆದರೆ ಹೊರಗಿನ ಲಕೋಟೆ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಹಳೆ ವಿದ್ಯಾರ್ಥಿಗಳ ಸಂಘವೋ, ಊರೂರಿಗೆ ಚದುರಿದ ಒಂದು ಕುಟುಂಬವೋ ಇದೆಯೆನ್ನಿ. ಒಂದೇ ವಿಳಾಸಕ್ಕೆ ಬರೆದರೆ ಇನ್ನೂರು ಸದಸ್ಯರಿಗೂ ಪ್ರತಿ ಹೋಗುವ ಏರ್ಪಾಡಿಗೆ ಮೇಲಿಂಗ್ ಲಿಸ್ಟ್ ಎನ್ನುತ್ತಾರೆ. ನಾವು ಅಂಚೆ ಬಳಗ ಎನ್ನೋಣ. ಅದರಲ್ಲಿ ಬಂದ ಪತ್ರಕ್ಕೆ ನೀವು ಉತ್ತರದ ಗುಂಡಿ ಒತ್ತುತ್ತೀರಿ. ಅದು ಬರೆದವರಿಗೆ ಹೋಗುತ್ತದೆಯೇ, ಇನ್ನೂರು ಮಂದಿಗೆ ಹೋಗುತ್ತದೆಯೇ? ಪಾಲಿನ ವಿಚಾರ, ಸಾಲದ ವಿಚಾರ, ಹುಡುಗಿಗೆ ಬಂದ ಸಂಬಂಧದ ವಿಚಾರ ಬರೆಯುವವರು ಇದನ್ನು ತಿಳಿದಿರಬೇಕು.

ಇ-ಮೇಲ್ ಪತ್ರದ ತಲೆಯಲ್ಲಿ ಏನೇನಿರಬೇಕೆಂದು 1982ರಲ್ಲಿಯೇ ನಿಯಮ ಬರೆದಿಟ್ಟರು. 'ಫ್ರಮ್' ಸಾಲಿನಲ್ಲಿ ಪತ್ರ ಯಾರದೋ ಅವರ ವಿಳಾಸ. 'ಸೆಂಡರ್' ಎಂದರೆ ಅವರ ಪರವಾಗಿ ಕಳುಹಿಸಿದವರು. ಮ್ಯಾನೇಜರರ ಹೆಸರಿನ ಪತ್ರವನ್ನು ಗುಮಾಸ್ತ ಟೈಪು ಮಾಡಿ ಅಂಚೆಗೆ ಹಾಕುತ್ತಾನಲ್ಲ, ಹಾಗೆ. ಮೂರನೆಯದು 'ರಿಪ್ಲೈ-ಟು', ಅಂದರೆ ಉತ್ತರವನ್ನು ಇಲ್ಲಿಗೆ ಕಳುಹಿಸಿ ಎಂಬ ಸೂಚನೆ. ಈ ಸಾಲು ಖಾಲಿಯಿದ್ದರೆ ಉತ್ತರ 'ಫ್ರಮ್' ವಿಳಾಸಕ್ಕೆ ಹೋಗುತ್ತದೆ. ತುಂಬಿದ್ದರೆ ಅಲ್ಲಿರುವ ವಿಳಾಸಕ್ಕೆ.

ಕೆಲವು ಬಳಗಗಳು ಪ್ರತಿಯೊಂದು ಪತ್ರದಲ್ಲೂ 'ರಿಪ್ಲೈ-ಟು' ಸಾಲಿಗೆ ಬಳಗದ ವಿಳಾಸವನ್ನೇ ತುಂಬುತ್ತವೆ. ಚರ್ಚೆ ಎಲ್ಲರ ಮುಂದೆ ನಡೆಯಲಿ ಎಂಬ ಉದ್ದೇಶ. ಕೆಲವು ಅದನ್ನು ಮುಟ್ಟುವುದಿಲ್ಲ. ಯಾವುದು ಸರಿಯೆಂಬ ಜಗಳ ಬಲ್ಲವರಲ್ಲಿ ವರ್ಷಗಟ್ಟಲೆ ನಡೆದಿದೆ. ಮುಟ್ಟದಿರುವುದೇ ಲೇಸು ಎಂದು ನನ್ನ ಅಭಿಪ್ರಾಯ. ಎಲ್ಲರಿಗೆಂದು ಬರೆದದ್ದು ಒಬ್ಬರಿಗೆ ಹೋದರೆ ಇನ್ನೊಮ್ಮೆ ಕಳುಹಿಸಬಹುದು. ಒಬ್ಬರಿಗೆಂದು ಬರೆದದ್ದು ಇನ್ನೂರು ಮನೆ ಸೇರಿದರೆ ಯಾವ ಗುಂಡಿ ಒತ್ತಿದರೂ ಹಿಂದೆ ಬಾರದು.

ಇನ್ನು ಹೊರಗಿನ ಲಕೋಟೆ. ಒಬ್ಬ ಸದಸ್ಯರ ವಿಳಾಸ ಕೆಟ್ಟಿದ್ದರೆ ಪತ್ರ ಹಿಂದಿರುಗುತ್ತದೆ. ಅದು ಬರೆದವರಿಗೆ ಹೋಗಿ ತೊಂದರೆ ಕೊಡಬಾರದೆಂದು ಬಳಗದ ಯಂತ್ರ ಲಕೋಟೆಯ ಮೇಲೆ ತನ್ನದೇ ವಿಳಾಸ ಹಾಕುತ್ತದೆ. ಒಂದೇ ಸದಸ್ಯರಿಂದ ಮತ್ತೆ ಮತ್ತೆ ಹಿಂದಿರುಗಿದರೆ ಅವರಿಗೆ ಕಳುಹಿಸುವುದನ್ನು ನಿಲ್ಲಿಸುತ್ತದೆ. ಒಳ್ಳೆಯ ಏರ್ಪಾಡೇ. ಆದರೆ 2014ರ ಏಪ್ರಿಲ್‌ನಲ್ಲಿ ಇದೇ ಎಡವಟ್ಟಾಯಿತು.

ಆಗ ಯಾಹೂ ಸಂಸ್ಥೆಯ ಹೆಸರಿನಲ್ಲಿ ಖೋಟಾ ಪತ್ರಗಳ ಹಾವಳಿ. ನಮ್ಮ ವಿಳಾಸ ಹೊತ್ತು ಬಂದ ಪತ್ರ ನಮ್ಮ ಯಂತ್ರದಿಂದ ಹೊರಟಿರಬೇಕು, ಇಲ್ಲವೇ ಅದರ ಮೇಲಿನ ನಮ್ಮ ಮುದ್ರೆ ಕೆಡದೆ ಇರಬೇಕು, ಎರಡೂ ಇಲ್ಲದಿದ್ದರೆ ತಿರಸ್ಕರಿಸಿ ಎಂದು ಯಾಹೂ ಲೋಕಕ್ಕೆಲ್ಲ ಸಾರಿತು. ಅದೇ ತಿಂಗಳು ಎ.ಓ.ಎಲ್. ಕೂಡ ಹಾಗೆಯೇ ಮಾಡಿತು. ಬಳಗದ ಪತ್ರವಾದರೋ ಹೊರಡುವುದು ಬಳಗದ ಯಂತ್ರದಿಂದ. ವಿಷಯದ ಸಾಲಿಗೆ ಬಳಗದ ಹೆಸರು, ಅಡಿಯಲ್ಲಿ ಎರಡು ಸಾಲು ಸೂಚನೆ ಸೇರಿಸಿದೊಡನೆ ಮುದ್ರೆಯೂ ಕೆಟ್ಟಿತು. ಸಹಿ ಮಾಡಿದ ಚೆಕ್ಕಿನ ಮೇಲೆ ಬೇರೆಯವರು ಒಂದಕ್ಷರ ತಿದ್ದಿದರೆ, ಎಷ್ಟೇ ಸದುದ್ದೇಶವಿರಲಿ, ಕೌಂಟರಿನವನು ಹಿಂದಿರುಗಿಸಲೇಬೇಕು. ಜಿಮೇಲ್, ಹಾಟ್‌ಮೇಲ್ ಮುಂತಾದವು ಹಾಗೆ ಹಿಂದಿರುಗಿಸಿದವು.

ಬರೆದವರು ಯಾಹೂ ಸದಸ್ಯರು, ತಿರಸ್ಕರಿಸಿದ್ದು ಜಿಮೇಲ್. ಬಳಗದ ಯಂತ್ರ ಮಾತ್ರ ಜಿಮೇಲ್ ಸದಸ್ಯರ ವಿಳಾಸವೇ ಕೆಟ್ಟಿದೆಯೆಂದು ತಿಳಿದು ಅವರನ್ನು ಪಟ್ಟಿಯಿಂದ ಕೈಬಿಟ್ಟಿತು. ಚೆಕ್ಕು ಕೊಟ್ಟವನನ್ನು ಬಿಟ್ಟು ಪಡೆದವನ ಖಾತೆ ಮುಚ್ಚಿದಂತೆ! ಏನೂ ಅರಿಯದ ಎಷ್ಟೋ ಮಂದಿಗೆ ಬಳಗದ ಸುದ್ದಿಯೇ ಬರುವುದು ನಿಂತಿತು.

ಬಳಗಗಳು ಕಂಡುಕೊಂಡ ದಾರಿ ಇದು: 'ಫ್ರಮ್' ಸಾಲಿನಲ್ಲಿ ಬಳಗದ ವಿಳಾಸವನ್ನೇ ಹಾಕಿ, ಬರೆದವರ ಹೆಸರಿನ ಮುಂದೆ 'ವಯಾ' ಎಂದು ಬಳಗದ ಹೆಸರು ಸೇರಿಸುವುದು. ಬರೆದವರ ವಿಳಾಸ 'ರಿಪ್ಲೈ-ಟು' ಸಾಲಿಗೋ 'ಸಿಸಿ' ಸಾಲಿಗೋ ಜಾರುತ್ತದೆ. ಇಂದಿಗೂ ಅನೇಕ ಬಳಗಗಳಲ್ಲಿ ಹೀಗೆಯೇ. ಆದ್ದರಿಂದ ಹೆಸರು ನಿಮ್ಮ ಭಾವನವರದೇ ಆಗಿದ್ದರೂ ಪಕ್ಕದ ವಿಳಾಸ ಬಳಗದ್ದಾಗಿರಬಹುದು.

ಉತ್ತರದ ಗುಂಡಿ ಒತ್ತಿದಾಗ ಮೇಲೆ 'ಟು' ಸಾಲಿನಲ್ಲಿ ಮೂಡುವ ವಿಳಾಸವನ್ನು ಬೆರಳಿಟ್ಟು ಓದಿ. ಫೋನಿನಲ್ಲಾದರೆ ಬರೇ ಹೆಸರು ಕಾಣಿಸುತ್ತದೆ, ಅದನ್ನು ಒತ್ತಿದರೆ ಪೂರ್ತಿ ವಿಳಾಸ ತೆರೆದುಕೊಳ್ಳುತ್ತದೆ. ಗುಟ್ಟಿನ ಮಾತಾದರೆ ಉತ್ತರವೇ ಬೇಡ, ಅವರ ವಿಳಾಸ ಹಾಕಿ ಹೊಸ ಪತ್ರ ಬರೆಯಿರಿ.

ಈ 'ರಿಪ್ಲೈ-ಟು' ಸಾಲನ್ನು ಮೋಸಗಾರರೂ ಬಲ್ಲರು. ಮೇಲೆ ಬ್ಯಾಂಕಿನ ಹೆಸರಿಟ್ಟು, ನಿಮ್ಮ ಉತ್ತರ ಮಾತ್ರ ತಮ್ಮ ಕೈಗೆ ಬರುವಂತೆ ಮಾಡುತ್ತಾರೆ. ಪಾಸ್‌ವರ್ಡು, ಓ.ಟಿ.ಪಿ. ಕೇಳಿದ ಪತ್ರಕ್ಕೆ ಉತ್ತರವನ್ನೇ ಬರೆಯಬೇಡಿ.

ಬಳಗದಿಂದ ಹೊರಬರಬೇಕೆನ್ನುವವರು 'ನನ್ನ ಹೆಸರು ತೆಗೆಯಿರಿ' ಎಂದು ಬಳಗದ ವಿಳಾಸಕ್ಕೇ ಬರೆಯುವುದುಂಟು. ಅದೂ ಇನ್ನೂರು ಮಂದಿಗೆ ಹೋಗುತ್ತದೆ. ಅದಕ್ಕೆ ಪ್ರತ್ಯೇಕ ವಿಳಾಸವೋ ಕೊಂಡಿಯೋ ಸಾಮಾನ್ಯವಾಗಿ ಪತ್ರದ ಕೊನೆಯಲ್ಲಿ, ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಕನ್ನಡಕ ಹಾಕಿಕೊಂಡು ಹುಡುಕಿ.